ನೆನಪು ಮುಟ್ಟದ ಮೂಲೆ

ಬಿಂದುಮಾಧವನ ತಲೆಗೆ ನನ್ನ ಕೈಯಿಂದಲೇ ಕಿರೀಟ ತೊಡಿಸಬೇಕಾದ ದಿನವೊಂದು ಬರುವುದೆಂದು ನಾನು ಎಂದೂ ಭಾವಿಸಿರಲಿಲ್ಲ. ಚಿನ್ನದ ಕಿರೀಟವಲ್ಲ, ಕೂದಲೆಳೆಯಷ್ಟು ಸಣ್ಣ ತಂತಿಗಳನ್ನು ಹೆಣೆದ ಬೂದುಬಣ್ಣದ ಟೊಪ್ಪಿಗೆ. ಸರಕಾರಿ ಕಾಗದಗಳಲ್ಲಿ ಅದರ ಹೆಸರು ಸ್ಮೃತಿದರ್ಶಕ. ಅದನ್ನು ತೊಟ್ಟು ಕುಳಿತವರ ಮುಖಕ್ಕೆ ಹೇಗೋ ಒಂದು ರಾಜಕಳೆ ಬಂದುಬಿಡುತ್ತದೆ. ಬಿಂದುಮಾಧವನ ಮುಖಕ್ಕೆ ಅದು ಉಳಿದೆಲ್ಲರಿಗಿಂತ ಹೆಚ್ಚಾಗಿಯೇ ಬಂದಿತ್ತು.

“ಬಿಗಿ ಆತೇನು?” ಎಂದು ಕೇಳಿದೆ.

“ಇಲ್ಲೋ ಶ್ರೀಪ್ಯಾ. ನಿನ್ನ ಕೈ ಮೊದಲಿನಿಂದನೂ ಹಗೂರ.”

ಐವತ್ತೆಂಟು ವರ್ಷದ ಶ್ರೀಪಾದಾಚಾರ್ಯನಾದ ನನ್ನನ್ನು, ಕಿರಿಯ ಸಹೋದ್ಯೋಗಿಗಳ ಎದುರಿಗೆ, ಶ್ರೀಪ್ಯಾ ಎಂದು ಕರೆಯುವ ಅಧಿಕಾರವನ್ನು ಅವನು ಎಂದೂ ಬಿಟ್ಟುಕೊಟ್ಟವನಲ್ಲ. ಹನ್ನೆರಡು ವರ್ಷ ಒಂದೇ ಗುರುವಿನ ಮುಂದೆ, ಒಂದೇ ಚಾಪೆಯ ಮೇಲೆ ಕುಳಿತು ವೇದಾಧ್ಯಯನ ಮಾಡಿದವರು ನಾವು. ಇಬ್ಬರೂ ಘನಪಾಠಿಗಳು, ವೇದದ ಪದಗಳನ್ನು ಹಿಂದುಮುಂದಾಗಿ ಹೆಣೆದು ಹೇಳಬಲ್ಲವರು. ಇಬ್ಬರ ಉಚ್ಚಾರಣೆಯೂ ನಿರ್ದುಷ್ಟವೆಂದು ಗುರುಗಳಾದ ಪದ್ಮನಾಭಾಚಾರ್ಯರು ಹೇಳುತ್ತಿದ್ದರು. ಆದರೆ ಹೇಳುವಾಗ ಅವರ ದೃಷ್ಟಿ ಅವನ ಕಡೆಗಿರುತ್ತಿತ್ತು.

ಧಾರವಾಡದ ಹೊರಗಿನ ಗುಡ್ಡದ ಮೇಲಿರುವ ನಮ್ಮ ಸಾಕ್ಷ್ಯರಕ್ಷಣಾಲಯದ ಕೆಲಸವನ್ನು ಇಲ್ಲಿ ಒಂದಿಷ್ಟು ವಿವರಿಸಬೇಕು. ಯಾವ ಚಿತ್ರವನ್ನಾದರೂ, ಯಾರ ಧ್ವನಿಯನ್ನಾದರೂ, ಯಾರ ಸಹಿಯನ್ನಾದರೂ ಮನೆಯಲ್ಲಿ ಕುಳಿತೇ ನಿರ್ಮಿಸಬಹುದಾದ ಮೇಲೆ ನ್ಯಾಯಾಲಯಗಳು ಅವನ್ನು ನಂಬುವುದನ್ನು ಬಿಟ್ಟವು. ಉಳಿದದ್ದು ಕಂಡವನ ಚಿತ್ತವೊಂದೇ. ಸಿವಿಲ್ ದಾವೆಗಳು ವಿಚಾರಣೆಗೆ ಬರುವಷ್ಟರಲ್ಲಿ ಸಾಕ್ಷಿಗಳು ಮುಪ್ಪಾಗುತ್ತಾರೆ, ಸಾಯುತ್ತಾರೆ, ಮರೆಯುತ್ತಾರೆ. ಆದ್ದರಿಂದ ವಿಚಾರಣೆಗೆ ಮೊದಲೇ ಅವರ ನೆನಪನ್ನು ತೆಗೆದು ಮುದ್ರೆಯೊತ್ತಿ ಇಡುವ ಕಾಯಿದೆ ಬಂತು. ಅನುಭವವು ಚಿತ್ತದಲ್ಲಿ ಬಿಟ್ಟುಹೋದ ಸಂಸ್ಕಾರವನ್ನು ಟೊಪ್ಪಿಗೆಯು ಚಿತ್ರವಾಗಿ ಪರದೆಗೆ ತರುತ್ತದೆ.

ತೊಡಕು ಒಂದೇ. ನೆನಪನ್ನು ಹೊರಗೆ ತೆಗೆದಾಗಲೆಲ್ಲ ಅದು ಮೆತ್ತಗಾಗುತ್ತದೆ. ಮತ್ತೆ ಗಟ್ಟಿಯಾಗುವಾಗ ಆ ಹೊತ್ತಿನ ಮನಸ್ಸಿನ ಬಣ್ಣವನ್ನು ತುಸು ಹಚ್ಚಿಕೊಂಡೇ ಒಳಗೆ ಹೋಗುತ್ತದೆ. ಓಲೆಗರಿಯ ಗ್ರಂಥವನ್ನು ಪ್ರತಿ ಮಾಡುವ ಲಿಪಿಕಾರನು ಸಲಸಲಕ್ಕೂ ತನ್ನದೊಂದೆರಡು ಅಕ್ಷರಗಳನ್ನು ಸೇರಿಸುವಂತೆ. ಹೀಗೆ ಕೂಡಿದ ಪದರಗಳನ್ನು ಯಂತ್ರ ಎಣಿಸಬಲ್ಲದು. ಆ ಎಣಿಕೆಗೆ ಸ್ಪರ್ಶಸಂಖ್ಯೆಯೆಂದು ಹೆಸರು. ನೂರು ದಾಟಿದರೆ ಸಾಕ್ಷ್ಯ ಅಗ್ರಾಹ್ಯ. ನೆನಪನ್ನು ಯಥಾರ್ಥಜ್ಞಾನವೆಂದು ಒಪ್ಪುವ ಸಿದ್ಧಾಂತದಲ್ಲಿ ಬೆಳೆದ ನನಗೆ ಈ ನಿಯಮ ಮೊದಮೊದಲು ಅಪಚಾರದಂತೆ ಕಂಡಿತ್ತು.

ಜನರು ಇದಕ್ಕೂ ಒಗ್ಗಿಕೊಂಡರು. ಕರಾರು ಮಾಡಿಕೊಳ್ಳುವವರು ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳದ ನೆರೆಯವನನ್ನು ಹುಡುಕಿ ತಂದು ಕೂರಿಸತೊಡಗಿದರು. ಗೋಡೆ ಹಂಚಿಕೊಂಡ ಅಣ್ಣತಮ್ಮಂದಿರು, “ಅಜ್ಜಾ, ಆ ದಿನದ ಮಾತು ಮಾತ್ರ ನೆನಸಬ್ಯಾಡ,” ಎಂದು ಮುದುಕರ ಬಾಯಿಗೆ ಬೀಗ ಹಾಕಿದರು. ಹಳೆಯ ಕಥೆ ಹೇಳೆಂದು ಮೊಮ್ಮಕ್ಕಳು ಪೀಡಿಸಿದರೆ, “ವಕೀಲರನ್ನ ಕೇಳಿ ಹೇಳ್ತೀನಿ ತಡೀರಿ,” ಎನ್ನುವ ಅಜ್ಜಿಯರನ್ನು ನಾನೇ ಕಂಡಿದ್ದೇನೆ.

ಬಿಂದುಮಾಧವನ ನೆನಪಿಗೆ ಈಗ ಒಂದು ಮನೆ, ಒಬ್ಬ ಹೆಣ್ಣುಮಗಳು ಯಾರ ಮಗಳೆಂಬ ಗುರುತು ಎರಡೂ ಜೋತುಬಿದ್ದಿದ್ದವು. ಮಕ್ಕಳಿಲ್ಲದ ಪದ್ಮನಾಭಾಚಾರ್ಯರು ಮೂವತ್ತೊಂದು ವರ್ಷದ ಕೆಳಗೆ ಒಂದೂಕಾಲು ವರ್ಷದ ಹೆಣ್ಣುಕೂಸನ್ನು ದತ್ತು ತೆಗೆದುಕೊಂಡಿದ್ದರು. ಅಂಭ್ರಣಿ ಎಂದು ಹೆಸರಿಟ್ಟರು. ಕಾಗದವನ್ನು ನಂಬಿದವರಲ್ಲ, ಅಗ್ನಿಯೇ ಸಾಕ್ಷಿಯೆಂದರು. ಅವರು ತೀರಿಕೊಂಡ ಮೇಲೆ ಅಣ್ಣನ ಮಗ ಸುರೇಂದ್ರ ದಾವೆ ಹೂಡಿದ. ದತ್ತಕವೇ ನಡೆದಿಲ್ಲ, ಆಕೆ ಸಾಕಿದ ಹುಡುಗಿ ಮಾತ್ರ, ಆದ್ದರಿಂದ ಪಾಠಶಾಲೆಯಿರುವ ಮನೆ ತನ್ನದು ಎಂದು ಅವನ ವಾದ. ಕೂಸನ್ನು ಕೊಟ್ಟವರು, ತೆಗೆದುಕೊಂಡವರು, ಯಾರೂ ಈಗ ಉಳಿದಿಲ್ಲ. ಹೋಮದ ಮಂತ್ರ ಹೇಳಿದ ಬಿಂದುಮಾಧವನೊಬ್ಬನೇ ಇದ್ದ. ಅವನ ಮೆದುಳಿನಲ್ಲಿ ಗಡ್ಡೆ ಕಾಣಿಸಿಕೊಂಡು, ಮೂರು ವಾರದಲ್ಲಿ ಶಸ್ತ್ರಚಿಕಿತ್ಸೆಯೆಂದು ನಿಶ್ಚಯವಾದಾಗ, ನ್ಯಾಯಾಲಯ ಅವನ ಸಾಕ್ಷ್ಯವನ್ನು ಕೂಡಲೇ ರಕ್ಷಿಸಲು ಆಜ್ಞೆ ಮಾಡಿತು. ಸಾಕ್ಷಿಯ ಪರಿಚಯವಿದೆಯೆಂದು ನಾನು ಬರೆದುಕೊಟ್ಟೆ. ಎಣಿಸುವುದು ಯಂತ್ರವೇ ಆದ್ದರಿಂದ ಎರಡೂ ಕಡೆಯ ವಕೀಲರು ಆಕ್ಷೇಪಿಸಲಿಲ್ಲ.

ದತ್ತಕದ ದಿನ ಆ ಮಂತ್ರವನ್ನು ನಾನು ಹೇಳಬೇಕಾಗಿತ್ತು. ಹಿಂದಿನ ದಿನ ಆಚಾರ್ಯರು ನನಗೇ ಹೇಳಿದ್ದರು. ಬೆಳಿಗ್ಗೆ ನೋಡಿದರೆ ಹೋಮಕ್ಕೆ ಹಾಕುವ ಅತ್ತಿಯ ಸಮಿತ್ತು ಸಾಲದು. ತರಲು ನನ್ನನ್ನು ಕಳಿಸಿದರು. ನಾನು ಮರಳಿದಾಗ ನನ್ನ ಸ್ಥಾನದಲ್ಲಿ ಬಿಂದುಮಾಧವ ಕುಳಿತಿದ್ದ. ಹೊಸ್ತಿಲಲ್ಲಿ ಎರಡು ನಿಮಿಷ ನಿಂತು, ಸಮಿತ್ತಿನ ಕಟ್ಟನ್ನು ಅಲ್ಲಿಯೇ ಇಟ್ಟು, ಯಾರಿಗೂ ಕಾಣದಂತೆ ಹೊರಟುಬಿಟ್ಟೆ. ಆ ತಿಂಗಳೇ ಪಾಠಶಾಲೆ ಬಿಟ್ಟೆ. ಸಾವಿರ ಸಲ ಆವೃತ್ತಿ ಮಾಡಿದ ನೆನಪಿನ ಅಳತೆ ತೆಗೆಯಲು ಈ ರಕ್ಷಣಾಲಯದ ಪ್ರಯೋಗಾಲಯಕ್ಕೆ ಮುಂದೆ ಒಬ್ಬ ಘನಪಾಠಿ ಬೇಕಾದಾಗ ಇಲ್ಲಿಗೆ ಬಂದು ಸೇರಿದೆ. ಆ ದಿನವನ್ನು ನಾನು ಮತ್ತೆ ನೆನೆದದ್ದೇ ಇಲ್ಲ ಎಂದು ನಂಬಿದ್ದೆ.

ಮುಖ್ಯ ವಿಜ್ಞಾನಿ ಡಾಕ್ಟರ್ ನಫೀಸಾ ಬಳಿಗಾರ ಯಂತ್ರವನ್ನು ಚಾಲೂ ಮಾಡಿದರು. ಪರದೆ ಬೆಳ್ಳಗಾಯಿತು. ಬೆಳ್ಳಗೇ ಉಳಿಯಿತು. ಮನೆಯಿಲ್ಲ, ಅಗ್ನಿಯಿಲ್ಲ, ಮನುಷ್ಯರಿಲ್ಲ. ಮಂಜಿನೊಳಗಿಂದ ಬಂದಂತೆ ಬಿಂದುಮಾಧವನ ಧ್ವನಿಯೊಂದೇ ಕೇಳತೊಡಗಿತು.

“ತಾಯಿ ಎತ್ತಿದಳು, ಎತ್ತಿದಳು ತಾಯಿ, ತಾಯಿ ಎತ್ತಿದಳು ಕೂಸನ್ನು, ಕೂಸನ್ನು ಎತ್ತಿದಳು ತಾಯಿ, ತಾಯಿ ಎತ್ತಿದಳು ಕೂಸನ್ನು…”

ನಾನು ಬೆರಗಾದೆ. ಅವನು ಆ ಘಟನೆಯನ್ನೇ ಪದಪದವಾಗಿ ಬಿಡಿಸಿ, ಮುಂದಕ್ಕೂ ಹಿಂದಕ್ಕೂ ಹೆಣೆದು, ಘನಪಾಠ ಮಾಡಿಟ್ಟುಕೊಂಡಿದ್ದ. ಒಂದು ಅಕ್ಷರವೂ ಜಾರದಂತೆ ಶ್ರುತಿಯನ್ನು ಕಾಪಾಡಿದ ಕ್ರಮದಲ್ಲೇ ಸಾಕ್ಷ್ಯವನ್ನೂ ಕಾಪಾಡಲು ಹೊರಟಿದ್ದ.

ನಫೀಸಾ ಮೇಡಂ ಎಣಿಕೆ ನೋಡಿದರು. “ಹನ್ನೊಂದು ಸಾವಿರದ ಮುನ್ನೂರು. ಆಚಾರ್ರ, ಏನು ಮಾಡೀರಿ ಇದಕ್ಕ?”

“ದಿನಾ ಒಂದು ಆವೃತ್ತಿ,” ಎಂದ ಬಿಂದುಮಾಧವ, ಪ್ರಶಂಸೆ ಬರುವುದೆಂದು ಕಾದವನ ಮುಖದಲ್ಲಿ. “ಹೋಮ ಮುಗದ ಮ್ಯಾಲೆ ಗುರುಗಳು ‘ಬಿಂದ್ಯಾ, ಇದನ್ನ ಕಾದಿಟ್ಟಕೋ’ ಅಂದ್ರು. ಒಂದು ದಿನಾನೂ ತಪ್ಪಿಸಿಲ್ಲ. ಜ್ವರ ಬಂದಾಗನೂ ತಪ್ಪಿಸಿಲ್ಲ.”

“ಅದಕ್ಕೇ ಹೋತ್ರಿ,” ಎಂದರು ಅವರು ಮೆಲ್ಲಗೆ. “ನೋಡಿದ್ದು ಸವದ ಹೋಗ್ಯದ. ಬರೇ ಪಾಠ ಉಳದದ.”

ಅವನಿಗೆ ಅರ್ಥವಾಗಲು ಕೆಲವು ಕ್ಷಣಗಳು ಬೇಕಾದವು. ಕಿರೀಟವನ್ನು ನಾನೇ ತೆಗೆದೆ. ನನ್ನ ಕೈ ಆಗಲೂ ಹಗುರವಾಗಿಯೇ ಇತ್ತು.

ಪಡಸಾಲೆಯಲ್ಲಿ ಅಂಭ್ರಣಿ ನಿಂತಿದ್ದಳು. ಸುದ್ದಿ ಆಗಲೇ ಮುಟ್ಟಿತ್ತು. ಈಗ ಅವಳೇ ಆ ಪಾಠಶಾಲೆಯನ್ನು ನಡೆಸುತ್ತಾಳೆ. ಅಳಲಿಲ್ಲ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಹೇಳಿದಳು: “ಕಾಕಾ, ಮನಿ ಹೋದ್ರ ಹೋಗ್ಲಿ. ಪಾಠ ಗಿಡದ ಬುಡಕ್ಕ ಕೂತೂ ಹೇಳಬಹುದು. ಆದ್ರ ನಾ ಅಪ್ಪಾವರ ಮಗಳೇ ಅಲ್ಲ ಅಂತ ಬರೀತಾರಲ್ಲ, ಅದನ್ನ ಹ್ಯಾಂಗ ನುಂಗ್ಲಿ? ಬರೂ ತಿಂಗಳ ಅವರ ಶ್ರಾದ್ಧ. ನಾ ಯಾರಾಗಿ ನಿಂತು ಮಾಡಸ್ಲಿ?”

“ನೋಡೂಣವಾ,” ಎಂದಷ್ಟೇ ಹೇಳಿದೆ.

ಮನೆಗೆ ಬಂದು ಊಟಕ್ಕೆ ಕುಳಿತಾಗ ಹೆಂಡತಿ ರುಕ್ಮಾ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು.

“ಏನಾತು?”

“ಬಿಂದೂಂದು ಆಗಲಿಲ್ಲ. ಹನ್ನೊಂದು ಸಾವಿರದ ಮುನ್ನೂರು. ಪಾಪ, ಆ ಹುಡಿಗಿ ಬಾಳೇನು… ಹನ್ನೊಂದು ಸಾವಿರದ ಮುನ್ನೂರು ಬಂತು ನೋಡು.”

“ಎರಡು ಸಲ ಹೇಳಿದ್ರಿ.”

“ಏನು?”

“ಲೆಕ್ಕಾ. ಹುಡಿಗಿ ಬಾಳನ್ನ ನಡುವ ಬಿಟ್ಟು ಲೆಕ್ಕಾ ಎರಡು ಸಲ ಹೇಳಿದ್ರಿ. ಮಾರಿ ನೋಡಿದ್ರ ಹಬ್ಬದ ದಿನದ ಮಾರಿ ಇದ್ದಂಗ ಅದ.”

“ನಿನಗ ಏನೇನೋ ಕಾಣ್ತದ.”

“ಕಾಣೂದಿಲ್ಲೇನು? ಹೋಳಿಗಿ ಮಾಡಿದ್ರ ‘ಬಿಂದು ಮನ್ಯಾಗ ಇದಕ್ಕಿಂತ ತೆಳ್ಳಗ ಮಾಡ್ತಾರೇನು?’ ಮಳಿ ಬಂದ್ರ ‘ಬಿಂದು ಮನಿ ಸೋರಿರಬೇಕು.’ ನಾ ಬಂದು ಇಪ್ಪತ್ತೆಂಟು ವರ್ಷ ಆತು. ನನ್ನ ಹೆಸರು ಅಷ್ಟು ಸಲ ಬಂದದೇನು ನಿಮ್ಮ ಬಾಯಾಗ?” ಎಂದು ಸಾರಿನ ಪಾತ್ರೆಯನ್ನು ತುಸು ಸದ್ದಾಗುವಂತೆಯೇ ಇಟ್ಟಳು.

ಅಸೂಯೆ ನನಗಿಲ್ಲವೆಂದು ನಾನು ದೃಢವಾಗಿ ನಂಬಿದ್ದೆ. ಇದ್ದದ್ದು ನ್ಯಾಯದ ಪ್ರಶ್ನೆ ಮಾತ್ರವೆಂದು ನನ್ನ ತಿಳಿವಳಿಕೆ. ನಿತ್ಯವೂ ದೇವರ ಮುಂದೆ ಕುಳಿತು ಷಡ್ವೈರಿಗಳನ್ನು ಗೆಲ್ಲುವ ಶಕ್ತಿಯನ್ನು ಬೇಡುವಾಗ, ಆರನೆಯದಾದ ಮಾತ್ಸರ್ಯವನ್ನು ನಾನು ಬೇಗನೆ ದಾಟಿ ಮುಂದೆ ಹೋಗುತ್ತಿದ್ದೆ.

ಮರುದಿನ ಬೆಳಿಗ್ಗೆ ಪೂಜೆಗೆ ಗಂಧ ತೇಯುತ್ತಿದ್ದಾಗ ಬಿಂದುಮಾಧವ ಬಂದ. ತಲೆಗೆ ಮಫ್ಲರ್ ಸುತ್ತಿಕೊಂಡಿದ್ದ; ಮೆಟ್ಟಿಲು ಹತ್ತಿದ್ದಕ್ಕೇ ಉಬ್ಬಸ ಬಂದಿತ್ತು.

“ತೇಯಿ, ತೇಯಿ. ನಿಲ್ಲಸಬ್ಯಾಡ,” ಎಂದು ಎದುರಿಗೆ ಕುಳಿತ. “ನಿನ್ನ ಸಾಣಿಕಲ್ಲು ನಡುವ ಎಷ್ಟು ತಗ್ಗ ಬಿದ್ದದೋ! ಒಂದೇ ಕಡೆ ತೇಯ್ತೀ ನೀ. ಅಂಚು ನೋಡು, ತಂದ ದಿನ ಹ್ಯಾಂಗಿತ್ತೋ ಹಂಗೇ ಅದ. ಗುರುಗಳು ಇದಕ್ಕ ಬೈತಿದ್ರು ನಿನಗ.”

“ಕಲ್ಲು ನೋಡ್ಲಿಕ್ಕೆ ಬಂದಿಯೇನು?”

ಅವನು ಮಫ್ಲರನ್ನು ಸರಿಮಾಡಿಕೊಂಡ. ಆಮೇಲೆ ಹೇಳಿದ: “ಶ್ರೀಪ್ಯಾ, ಅವತ್ತ ಹೊಸ್ತಿಲ ಮ್ಯಾಲೆ ಅತ್ತಿ ಸಮಿತ್ತಿನ ಕಟ್ಟು ಇತ್ತು. ಎರಡೂ ತುದಿಗೆ ಗಂಟು ಹಾಕೂದು ನೀನೊಬ್ಬನೇ. ನಾವೆಲ್ಲಾ ನಡುವ ಒಂದು ಹಾಕ್ತಿದ್ವಿ.”

ನನ್ನ ಕೈ ನಿಂತಿತು. “ಮೂವತ್ತೊಂದು ವರ್ಷ ಯಾಕ ಸುಮ್ಮನಿದ್ದಿ?”

“ನೀ ಬಂದು ಹೋದದ್ದು ನಿನ್ನ ಮಾತು. ನಾ ಹ್ಯಾಂಗ ಆಡ್ಲಿ? ವಕೀಲರಿಗೂ ನಿನ್ನ ಹೆಸರು ಹೇಳಿಲ್ಲ, ಹೇಳೂದಿಲ್ಲ. ಒಂದು ಮಾತು ತಿಳಸಿ ಹೋಗೂಣಂತ ಬಂದೆ. ಇನ್ನೆರಡು ವಾರಕ್ಕ ನನ್ನ ತಲಿ ಕೊಯ್ತಾರ. ಆಮ್ಯಾಲೆ ನಾ ನಿನ್ನ ಗುರುತು ಹಿಡೀತೀನೋ ಇಲ್ಲೋ.”

“ನಾ ನಿನ್ನ ಬಿಟ್ರ ಬ್ಯಾರೆ ಏನೂ ನೋಡಿಲ್ಲೋ ಅಲ್ಲೆ.”

“ಇರಲಿ. ನಾ ಅಂತೂ ನೋಡಿದ್ದೆಲ್ಲಾ ಕಳಕೊಂಡೆ,” ಎಂದು ನಕ್ಕ. ರುಕ್ಮಾ ತಂದುಕೊಟ್ಟ ನೀರು ಕುಡಿದು, ನಮ್ಮ ಮಕ್ಕಳ ಹೆಸರುಗಳನ್ನು ಒಂದೊಂದಾಗಿ ಹಿಡಿದು ಕ್ಷೇಮ ವಿಚಾರಿಸಿ, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಹೋದ.

ಅವನು ನನ್ನನ್ನು ಬೈದಿದ್ದರೆ ನನಗೆ ಹಿತವಾಗುತ್ತಿತ್ತು. ಈ ಔದಾರ್ಯವೂ ಅವನ ಪಾಲಿಗೇ ಹೋಯಿತಲ್ಲ ಎಂದು ಒಳಗೇ ಬೆಂದೆ. ಧರ್ಮಕ್ಕಾಗಿ ಸಾಕ್ಷಿ ನುಡಿಯಲು ಹೋದೆನೆಂದು ಇಲ್ಲಿ ಬರೆದರೆ ಅದು ಅಸತ್ಯ. ಅಂಭ್ರಣಿಯ ಮುಖ ಕಣ್ಣಿಗೆ ಬಂತು, ನಿಜ. ಆದರೆ ಕಾಲಿಗೆ ಚಪ್ಪಲಿ ಮೆಟ್ಟಿಸಿದ ಯೋಚನೆ ಬೇರೆ. ಕಣ್ಣಿಗೆ ಬಿದ್ದದ್ದೆಲ್ಲ ಚಿತ್ತಕ್ಕೆ ಬೀಳುತ್ತದೆ, ನೋಡಿದ ಅರಿವು ಇರಲಿ ಬಿಡಲಿ. ನಾನು ಆ ದಿನವನ್ನು ಎಂದೂ ನೆನೆದವನಲ್ಲ. ನನ್ನ ಸಂಖ್ಯೆ ಹತ್ತೋ ಹನ್ನೆರಡೋ ಇರಬಹುದು. ಗುರುಗಳು ಯಾರಿಗೆ ‘ಕಾದಿಟ್ಟಕೋ’ ಎಂದರೋ ಅವನಿಂದ ಆಗದ್ದು, ಹೊಸ್ತಿಲಿನಿಂದಾಚೆ ನಿಂತವನಿಂದ ಆಗುವುದು. ಅದನ್ನು ಅವನು ಕುಳಿತು ನೋಡಬೇಕು.

ನಾನು ನ್ಯಾಯಾಲಯಕ್ಕೆ ಅರ್ಜಿ ಕೊಟ್ಟೆ. ಈ ದಾವೆಯ ಕೆಲಸದಿಂದ ನನ್ನನ್ನು ಬಿಡಿಸಿದರು. ವಾರದೊಳಗೆ ನನ್ನ ತಲೆಯ ಮೇಲೆ ಕಿರೀಟ ಬಂತು. ಕೋಣೆಯಲ್ಲಿ ಅಂಭ್ರಣಿ, ಸುರೇಂದ್ರನ ವಕೀಲರು, ಮತ್ತು ನನ್ನ ಕೋರಿಕೆಯ ಮೇರೆಗೆ ಬಿಂದುಮಾಧವ. ಕಣ್ಣು ಮುಚ್ಚಿದೆ. ಸಮಿತ್ತಿನ ಹಾಲು ಅಂಗೈಗೆ ಅಂಟಿದ್ದು, ಹೊಸ್ತಿಲಿನ ತಣ್ಪು, ಹೊಗೆ, ಎಲ್ಲವೂ ಬಂದವು.

ಟೊಪ್ಪಿಗೆ ತೆಗೆದರು. ನಾನು ಪರದೆಯತ್ತ ತಿರುಗಿದೆ.

ಚಿತ್ರದ ನಡುವನ್ನೆಲ್ಲ ಒಂದು ಮುಖ ಆಕ್ರಮಿಸಿತ್ತು. ಅದು ಬಿಂದುಮಾಧವನದೆಂದು ಕಿವಿಗೆ ಹಾಕಿದ್ದ ಕಡಕಿನಿಂದ ಮಾತ್ರ ತಿಳಿಯುತ್ತಿತ್ತು. ಹುಬ್ಬುಗಳು ಹೆಡೆಯೆತ್ತಿದ್ದವು. ಬಯಲಾಟದ ರಾಕ್ಷಸನಿಗಿರುವಂಥ ಹಲ್ಲುಗಳು. ಕಣ್ಣುಗಳು ಅಗ್ನಿಯನ್ನು ಬಿಟ್ಟು ನೇರವಾಗಿ ಬಾಗಿಲತ್ತ, ನನ್ನತ್ತ ನೆಟ್ಟು, ತುಟಿಯ ತುದಿ ಗೆಲವಿನಿಂದ ಕೊಂಕಿತ್ತು.

“ಸರ್,” ಎಂದರು ನಫೀಸಾ ಮೇಡಂ, ನನ್ನ ಕಡೆ ನೋಡದೆ. “ನಡುವಿನ ಭಾಗದ ಸ್ಪರ್ಶ ನಲವತ್ತೊಂದು ಸಾವಿರ ದಾಟ್ಯದ.”

ಮನಸ್ಸು ತಾನಾಗಿಯೇ ಭಾಗಿಸಿತು. ದಿನಕ್ಕೆ ಮೂರು ಸಲಕ್ಕೂ ಮೇಲೆ. ನನ್ನ ಸಂಧ್ಯಾವಂದನೆಗಿಂತ ಹೆಚ್ಚು ನಿಷ್ಠೆಯಿಂದ ನಾನು ನಡೆಸಿಕೊಂಡು ಬಂದ ಅನುಷ್ಠಾನ ಅದು. ಗುರುವಾಕ್ಯವನ್ನು ಶಿರಸಾವಹಿಸಿದ ಬಿಂದುಮಾಧವನ ಆವೃತ್ತಿ ಅದರ ಮೂರನೆಯ ಒಂದು ಪಾಲೂ ಆಗಿರಲಿಲ್ಲ.

ಬಿಂದುಮಾಧವ ಕುರ್ಚಿಯಿಂದ ಮುಂದೆ ಬಾಗಿ ಪರದೆಯ ಮೇಲಿನ ತನ್ನ ಮುಖವನ್ನು ಎಡಬಲಕ್ಕೆ ತಲೆಯಾಡಿಸಿ ನೋಡಿದ. “ಯಪ್ಪಾ! ಇಷ್ಟು ದೊಡ್ಡ ಹಲ್ಲಿದ್ರ ಮಂತ್ರಾ ಹ್ಯಾಂಗ ಅಂತಿದ್ದೆನೋ ನಾ?”

ಯಾರೂ ನಗಲಿಲ್ಲ. ಅವನೊಬ್ಬನೇ ನಕ್ಕ. ನನಗೆ ನೆಲ ಬಿರಿಯಬಾರದೇ ಎನ್ನಿಸಿತು.

ಸುರೇಂದ್ರನ ವಕೀಲರು ಕಡತ ಮುಚ್ಚಿದರು. “ಇದೂ ಹೋದಂಗ ಆತಲ್ರೀ ಮೇಡಂ?”

“ತಡೀರಿ. ಮಾರಿ ಹೋಗ್ಯದ. ಚಿತ್ರ ಹೋಗಿಲ್ಲ.” ನಫೀಸಾ ಮೇಡಂ ಎಣಿಕೆಯ ಗೆರೆಯನ್ನು ಆ ಮುಖದಿಂದ ಹೊರಕ್ಕೆ ಸರಿಸತೊಡಗಿದರು. “ಇವರು ನೆನಸಿದ್ದು ಬರೇ ಇಷ್ಟನ್ನ. ಸವದು ಹೋಗೂದು ಮುಟ್ಟಿದಲ್ಲೆ ಮಾತ್ರ. ನೋಡ್ರಿ, ಹೆಗಲಿನ ಹತ್ರ ಒಂಬತ್ತು ಸಾವಿರ. ಅಗ್ನಿ ಹತ್ರ ನಾಲ್ಕುನೂರು. ಇಲ್ಲೆ ಆರು. ಇಲ್ಲೆ…” ಗೆರೆ ಎಡಗಡೆಯ ಮೂಲೆಯಲ್ಲಿ ನಿಂತಿತು. “ಸೊನ್ನೆ.”

ಆ ಮೂಲೆಯನ್ನು ಅವರು ದೊಡ್ಡದು ಮಾಡಿದರು. ನಿನ್ನೆ ಕಂಡಂತೆ ನಿಚ್ಚಳವಾಗಿತ್ತು. ಹಸಿರು ಇಳಕಲ್ ಸೀರೆಯ ತರುಣಿಯೊಬ್ಬಳು ಕೂಸನ್ನು ಎರಡೂ ಕೈಗಳಲ್ಲಿ ಎತ್ತಿದಳು. ಪಕ್ಕದಲ್ಲಿದ್ದ ಗಂಡ ಅವಳ ಮೊಳಕೈಯನ್ನು ಮುಟ್ಟಿ ನಿಂತಿದ್ದ. ಗುರುಗಳು ಬೊಗಸೆಯೊಡ್ಡಿ ಕೂಸನ್ನು ತೊಡೆಗೆ ತೆಗೆದುಕೊಂಡು ಅದರ ನೆತ್ತಿಯನ್ನು ಮೂಸಿದರು. ಕೂಸು ಅವರ ಕೊರಳಿನ ತುಳಸೀಮಾಲೆಯನ್ನು ಹಿಡಿದು ಜಗ್ಗಿತು. ಮಂತ್ರದ ನಡುವೆ ಎಂದೂ ನಗದ ಪದ್ಮನಾಭಾಚಾರ್ಯರು ನಕ್ಕುಬಿಟ್ಟರು.

“ಕೊಟ್ಟದ್ದು ಅದ, ತಗೊಂಡದ್ದು ಅದ. ಸ್ಪರ್ಶ ಶೂನ್ಯ,” ಎಂದು ನಫೀಸಾ ಮೇಡಂ ಮುದ್ರೆಯೊತ್ತಿದರು. ವಕೀಲರು ಕಡತವನ್ನು ಮತ್ತೆ ತೆರೆದು ಏನನ್ನೋ ಹೊಡೆದುಹಾಕಿದರು.

ಅಂಭ್ರಣಿ ಪರದೆಯ ತೀರ ಹತ್ತಿರ ಹೋಗಿ ನಿಂತಿದ್ದಳು. ಹಸಿರು ಸೀರೆಯವಳತ್ತ ಬೆರಳು ಚಾಚಿ, ಮುಟ್ಟದೆ ತಡೆದು, ಕೇಳಿದಳು: “ಬಿಂದು ಕಾಕಾ, ಇವರು ನಮ್ಮವ್ವನೇನು? ಹಡದಾಕಿ?”

“ಹೌದವಾ,” ಎಂದ ಬಿಂದುಮಾಧವ. “ಸೀರಿ ಹಸರಿತ್ತು ಅನ್ನೂದು ನಾ ಪಾಠದಾಗ ಹಾಕಿರಲಿಲ್ಲ ನೋಡು. ಮರತೇ ಹೋಗಿತ್ತು.” ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟ. “ಶ್ರೀಪ್ಯಾ, ಕೆಳಗ ನೋಡು.”

ಗುರುಗಳ ಬಲಗಡೆ ಎರಡು ಮಣೆಗಳಿದ್ದವು. ಒಂದರ ಮೇಲೆ ಬಿಂದುಮಾಧವನ ಮಡಿಚಿದ ಮೊಣಕಾಲು ಕಾಣುತ್ತಿತ್ತು. ಇನ್ನೊಂದು ಖಾಲಿ. ಅದರ ಮೇಲೆ ಬೆರಳಿಗೆ ತೊಡುವ ದರ್ಭೆಯ ಪವಿತ್ರವೊಂದನ್ನು ಸಿದ್ಧವಾಗಿ ಇಡಲಾಗಿತ್ತು.

“ಅದು ನಿಂದು. ಮುಹೂರ್ತ ಮೀ‍ರ್ತದಂತ ನಾ ಶುರು ಮಾಡಿದೆ. ನೀ ಬಂದ ಕೂಡ್ತೀ ಅಂತ ಗುರುಗಳು ತಮ್ಮ ಕೈಯಿಂದನೇ ಹಾಕಿದ್ರು. ಹೋಮ ಮುಗಿಯೂತನಕ ತೆಗಸಲಿಲ್ಲ.”

ನಾನು ಆ ಖಾಲಿ ಮಣೆಯನ್ನು ಬಹಳ ಹೊತ್ತು ನೋಡಿದೆ. ನನ್ನ ಕಣ್ಣು ತುಂಬಿದ್ದನ್ನು ಕಂಡು ಅಂಭ್ರಣಿ ನನ್ನ ಕಾಲಿಗೆರಗಿದಳು. ಬಿಂದುಮಾಧವನ ಕೈ ಭುಜದ ಮೇಲೆಯೇ ಇತ್ತು. ಅವರಿಬ್ಬರೂ ನನ್ನ ಮೂವತ್ತೊಂದು ವರ್ಷಗಳ ಉರಿ ಅಲ್ಲಿಗೆ ಆರಿತೆಂದು ತಿಳಿದರು. ಆರಬೇಕೆಂದು ನಾನೂ ಶ್ರೀಹರಿಯನ್ನು ಪ್ರಾರ್ಥಿಸುತ್ತಿದ್ದೆ, ಆ ಕ್ಷಣದಲ್ಲಿ, ಪ್ರಾಮಾಣಿಕವಾಗಿ.

ಪ್ರಾರ್ಥಿಸುತ್ತಲೇ ಕಣ್ಣು ಎರಡೂ ಮಣೆಗಳ ನಡುವಿನ ಅಂತರವನ್ನು ಅಳೆಯುತ್ತಿತ್ತು. ಅವನ ಮಣೆ ಗುರುಗಳಿಗೆ ಒಂದು ಗೇಣು ಹತ್ತಿರವಿತ್ತು.